ಮೊಳೆಗೆ ಸಿಕ್ಕಿಸಿದ ಆರು ಹಾಳೆ

ನಮ್ಮ ಶೆಡ್ಡಿನಲ್ಲಿ ಚಹಾಕ್ಕೆ ನೀರು ಕಾಯಿಸುವ ಕರೆಂಟಿನ ದೊಡ್ಡ ಹಂಡೆಯೊಂದಿದೆ. ಅದರ ಮೇಲೆ ಗೋಡೆಯಲ್ಲಿ ಒಂದು ಉದ್ದನೆಯ ಮೊಳೆ. ಆ ಮೊಳೆ ಹೊಡೆದವನು ನಾನೇ. ಯಾರಾದರೂ ಬರೆದ ಕೋಡ್ ನನ್ನ ಮನಸ್ಸಿಗೆ ಬರಲಿಲ್ಲವೆಂದರೆ ಅದನ್ನು ಹಾಳೆಯ ಮೇಲೆ ಪ್ರಿಂಟ್ ತೆಗೆದು, ಕೆಂಪು ಪೆನ್ನಿನಲ್ಲಿ ಎರಡು ಮಾತು ಗೀಚಿ, ಅಲ್ಲಿ ಸಿಕ್ಕಿಸುತ್ತೇನೆ. ಸಿಕ್ಕಿಸಿದ್ದನ್ನು ಬರೆದವನೇ ಬಂದು ತನ್ನ ಕೈಯಾರೆ ತೆಗೆಯಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ. ಈ ಕಾನೂನು ಮಾಡಿದವನೂ ನಾನೇ. ಮೂವತ್ತೊಂದು ವರ್ಷ ಬರ್ನಿ ಎಂಬ ನಮ್ಮ ಈ ಬಂದರೂರಿನ ಮಕ್ಕಳಿಗೆ ಗಣಿತ ಹೇಳಿಕೊಟ್ಟವನು ನಾನು. ನಾಚಿಕೆ ಆಗದ ಹೊರತು ಯಾರೂ ಏನನ್ನೂ ಕಲಿಯುವುದಿಲ್ಲ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ನಾವು ಏಳೆಂಟು ಜನ ಮುದುಕರು ಬಂದರಿನ ಪಕ್ಕದ ಆ ತಗಡಿನ ಶೆಡ್ಡಿನಲ್ಲಿ ಸೇರುತ್ತೇವೆ. ಊರವರು ಎಸೆದ ಹಳೆಯ ಕಂಪ್ಯೂಟರುಗಳ ಧೂಳು ಊದಿ, ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ, ಪಿಂಚಣಿಯವರಿಗೆ ಕೊಡುತ್ತೇವೆ. ಅವರಿಗೆ ಬೇಕಾದದ್ದು ಒಂದೇ, ಫೋಟೊ ನೋಡುವುದು. ಪೇಟೆಯಲ್ಲಿ ಸಿಗುವ ಹೊಸ ಪ್ರೋಗ್ರಾಮುಗಳನ್ನು ಈ ಮುದಿ ಯಂತ್ರಗಳಿಗೆ ಹಾಕಿದರೆ ಅವು ಏದುಸಿರು ಬಿಡುತ್ತವೆ. ಅದಕ್ಕೇ ನಾನು ಒಂದು ಚಿಕ್ಕ ಪ್ರೋಗ್ರಾಮ್ ಬರೆದೆ. ಚಿತ್ರ ತೋರಿಸುತ್ತದೆ, ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುತ್ತದೆ, ತಿರುಗಿಸುತ್ತದೆ, ದೊಡ್ಡದು ಮಾಡುತ್ತದೆ. ಅಷ್ಟೇ. ಹೆಸರು ಸ್ಟಿಕಿಬೀಕ್. ಬೇಲಿಯ ಮೇಲಿಂದ ಪಕ್ಕದ ಮನೆಗೆ ಇಣುಕುವವರನ್ನು ನಮ್ಮ ಕಡೆ ಹಾಗೆ ಬಯ್ಯುತ್ತಾರೆ.

ಕೋಡನ್ನು ಲೋಕಕ್ಕೇ ಬಿಟ್ಟುಕೊಟ್ಟೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಾವು ತಿದ್ದಿದ ಸಾಲುಗಳನ್ನು ಪ್ಯಾಚ್ ಎಂದು ಕಳಿಸಿ ಸೇರಿಸಿಕೊಳ್ಳಿ ಎಂದು ಕೇಳಬಹುದು. ಸೇರಿಸುವುದು ಬಿಡುವುದು ಮಾತ್ರ ನನ್ನ ಇಷ್ಟ. ಹತ್ತು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಪ್ಯಾಚ್ ಬಂದಿರಬೇಕು. ಸೇರಿಸಿದ್ದು ಎರಡು. ಪ್ರೋಗ್ರಾಮಿನ ಜೊತೆ ಹೋಗುವ ಹೆಸರಿನ ಪಟ್ಟಿಯಲ್ಲಿ ಮೂರೇ ಹೆಸರು: ನಾನು, ಒಬ್ಬ ಫಿನ್‌ಲ್ಯಾಂಡಿನವ, ಒಬ್ಬ ಜರ್ಮನ್ ಹುಡುಗಿ. ಆ ಪಟ್ಟಿ ಚಿಕ್ಕದಾಗಿರುವುದೇ ನನ್ನ ಹೆಮ್ಮೆಯಾಗಿತ್ತು.

ನೆವಿಲ್‌ಗೆ ಆ ಪಟ್ಟಿಯಲ್ಲಿ ನಾಲ್ಕನೆಯ ಹೆಸರು ತನ್ನದಾಗಬೇಕಿತ್ತು. ಜೀವನದಲ್ಲಿ ಅವನು ಬೇರೇನನ್ನೂ ಕೇಳಿದ್ದನ್ನು ನಾನು ಕಂಡಿಲ್ಲ.

ನೆವ್ ಕಾಗದದ ಗಿರಣಿಯಲ್ಲಿ ನಲವತ್ತು ವರ್ಷ ಯಂತ್ರದ ಮುಂದೆ ನಿಂತವನು. ಗಿರಣಿ ಮುಚ್ಚಿದ ಮೇಲೆ, ಅರವತ್ತನಾಲ್ಕರ ವಯಸ್ಸಿನಲ್ಲಿ, ಲೈಬ್ರರಿಯಿಂದ ಪುಸ್ತಕ ತಂದು ಕೋಡ್ ಬರೆಯಲು ಕಲಿತ. ಅದೇ ವರ್ಷ ಅವನ ಬಲಗೈ ನಡುಗಲು ಶುರುವಾಯಿತು. ಪಾರ್ಕಿನ್‌ಸನ್ ಎಂದರು ಡಾಕ್ಟರು. ಎರಡು ಬೆರಳಿನಲ್ಲಿ ಒಂದೊಂದೇ ಅಕ್ಷರ ಕುಟ್ಟುತ್ತಿದ್ದ. ತಪ್ಪು ಕೀಲಿ ಒತ್ತಿದಾಗ ಯಾರಿಗೋ ಕಾಲು ತುಳಿದವನ ಹಾಗೆ "ಸಾರಿ, ಸಾರಿ" ಎನ್ನುತ್ತಿದ್ದ.

ಹೋದ ಮಾರ್ಚಿನಲ್ಲಿ ಒಂದು ಗುರುವಾರ ಅವನು ನನ್ನನ್ನು ತನ್ನ ಪರದೆಯ ಮುಂದೆ ಕೂರಿಸಿದ.

"ನೋಡೋ ಡೆಸ್, ದೊಡ್ಡ ಫೋಟೊ ತೆರೆದ್ರೆ ನಿನ್ನ ಸ್ಟಿಕಿಬೀಕು ಮೂರು ನಾಲ್ಕು ಸೆಕೆಂಡ್ ಕಪ್ಪಗೆ ನಿಂತ್ಬಿಡುತ್ತೆ, ಅಲ್ವಾ? ನಮ್ಮ ಮುದುಕಿಯರು ಕೆಟ್ಟೋಯ್ತು ಅಂತ ಫೋನ್ ಮಾಡ್ತಾರೆ. ಕ್ಯಾಮೆರಾ ಏನ್ ಮಾಡುತ್ತೆ ಗೊತ್ತಾ? ಫೋಟೊ ತೆಗೆಯೋವಾಗ ಅದೇ ಫೈಲಿನ ಹೊಟ್ಟೆಯೊಳಗೆ ಒಂದು ಪುಟಾಣಿ ಚಿತ್ರಾನೂ ಇಟ್ಟಿರುತ್ತೆ, ಉಗುರಿನಷ್ಟು. ಅದನ್ನ ಮೊದ್ಲು ತೋರಿಸಿಬಿಡೋಣ. ಮಂಜುಮಂಜಾಗಿ ಕಾಣುತ್ತೆ, ಪರವಾಗಿಲ್ಲ. ದೊಡ್ಡದು ಬಂದ ಮೇಲೆ ಅದು ಮರೆ ಆಗುತ್ತೆ."

ಅವನು ಕೀಲಿ ಒತ್ತಿದ. ಅವನ ಹಿತ್ತಲಿನ ಕುಂಬಳಕಾಯಿ ಮೊದಲು ಮಂಜಾಗಿ, ಮೂರು ಸೆಕೆಂಡಿನ ಮೇಲೆ ನಿಚ್ಚಳವಾಗಿ ಬಂತು. ಮತ್ತೊಂದು ಕುಂಬಳಕಾಯಿ. ಇನ್ನೊಂದು. ಅವನು ಪರೀಕ್ಷೆಗೆ ಇಟ್ಟುಕೊಂಡಿದ್ದ ಇಪ್ಪತ್ತು ಫೋಟೊಗಳೂ ಕುಂಬಳಕಾಯಿಗಳವೇ. ನಲವತ್ತೊಂದು ಸಾಲಿನ ಕೋಡ್. ನಾನು ಓದಿದೆ. ಹೇಳಿಬಿಡುತ್ತೇನೆ, ಅದಕ್ಕಿಂತ ಅಚ್ಚುಕಟ್ಟಾದ ನಲವತ್ತೊಂದು ಸಾಲನ್ನು ನಾನೂ ಬರೆದಿಲ್ಲ. ಹೊಟ್ಟೆ ಉರಿಯಿತು. ಆದರೂ ಸೇರಿಸಬೇಕೆಂದೇ ಮನೆಗೆ ತಂದೆ.

ಮನೆಯಲ್ಲಿ ನನ್ನ ಪರೀಕ್ಷೆಯ ಕೋಶವೊಂದಿದೆ. ಬೇರೆ ಬೇರೆ ಕ್ಯಾಮೆರಾಗಳ ಸಾವಿರ ಫೋಟೊ. ಊಟ ಮಾಡಿ ಬಂದು, ಚಹಾ ಕುಡಿಯುತ್ತ, ಒಂದೊಂದೇ ದಾಟಿಸುತ್ತ ಹೋದೆ. ಹುಲ್ಲಿನ ಮೇಲೆ ಚೆಂಡುರುಳಿಸಿ ಆಡುವ ನಮ್ಮ ಬೋಲ್ಸ್ ಕ್ಲಬ್ಬಿನವರು ಸ್ಟ್ಯಾನ್ಲಿ ಎಂಬ ಕಡಲೂರಿಗೆ ಹೋಗಿದ್ದ ಪ್ರವಾಸದ ಫೋಟೊಗಳು ಬಂದವು. ಎಂಟು ವರ್ಷದ ಹಿಂದಿನವು. ನೆವ್‌ನ ಹೆಂಡತಿ ಗ್ಲೆನಿಸ್ ತನ್ನ ಕ್ಯಾಮೆರಾದಿಂದ ಸಿಡಿ ಮಾಡಿ ಕ್ಲಬ್ಬಿನ ಎಲ್ಲರಿಗೂ ಹಂಚಿದ್ದಳು. ಸಮುದ್ರದ ದಂಡೆಯ ಬೆಂಚಿನಲ್ಲಿ ಗ್ಲೆನಿಸ್ ಒಬ್ಬಳೇ ಕೂತು ನಗುತ್ತಿರುವ ಫೋಟೊ ಒಂದಿದೆ. ಅದು ತೆರೆಯುವ ಮೊದಲು ಅದರ ಪುಟಾಣಿ ಚಿತ್ರ ಬಂತು. ಅದರಲ್ಲಿ ಗ್ಲೆನಿಸ್ ಒಬ್ಬಳೇ ಇರಲಿಲ್ಲ. ಎಡಗಡೆ ನಾನಿದ್ದೆ. ನನ್ನ ಕೈ ಅವಳ ಸೊಂಟದ ಮೇಲಿತ್ತು. ಮುಂದಿನದರಲ್ಲಿ ನನ್ನ ತುಟಿ ಅವಳ ಕತ್ತಿನ ಮೇಲಿತ್ತು.

ಒಂದು ಬೇಸಿಗೆ. ಅಷ್ಟೇ ನಡೆದದ್ದು. ಆ ಪ್ರವಾಸಕ್ಕೆ ನೆವ್ ಬಂದಿರಲಿಲ್ಲ, ಗಿರಣಿಯಲ್ಲಿ ಪಾಳಿಯಿತ್ತು. ಫೋಟೊ ತೆಗೆದವನು ದಾರಿಯಲ್ಲಿ ಹೋಗುತ್ತಿದ್ದ ಯಾರೋ ಪ್ರವಾಸಿ. ಆಮೇಲೆ ಗ್ಲೆನಿಸ್ ನನಗೆ ಹೇಳಿದ್ದಳು: "ಎಲ್ಲಾದ್ರಿಂದಲೂ ನಿನ್ನ ಕತ್ತರಿಸಿ ಹಾಕಿದೀನಿ ಕಣೋ. ಇನ್ನು ನೀನು ಇರಲೇ ಇಲ್ಲ ಅಂತ ಲೆಕ್ಕ." ದೊಡ್ಡ ಚಿತ್ರದಿಂದ ನನ್ನನ್ನು ಕತ್ತರಿಸಿದ್ದಳು, ನಿಜ. ಫೈಲಿನ ಹೊಟ್ಟೆಯಲ್ಲಿದ್ದ ಪುಟಾಣಿ ಚಿತ್ರ ಅವಳ ಕತ್ತರಿಗೆ ಸಿಕ್ಕಿರಲಿಲ್ಲ. ಅಂಥವು ಹನ್ನೊಂದಿದ್ದವು. ಅವು ನೆವ್‌ನ ಮನೆಯ ಕಂಪ್ಯೂಟರಿನಲ್ಲೂ ಇದ್ದವು. ಅಲ್ಲಿ ದಿನವೂ ಫೋಟೊ ತೋರಿಸುತ್ತಿದ್ದದ್ದು ನಾನು ಹೊರಬಿಟ್ಟ ಸ್ಟಿಕಿಬೀಕೇ.

ನೆವ್‌ನ ಪ್ಯಾಚ್ ಸೇರಿಸಿದರೆ, ಅವನು ಆ ಫೋಟೊಗಳನ್ನು ತೆರೆದ ದಿನ, ನಾನು ಮೂರು ಸೆಕೆಂಡಿನ ಮಟ್ಟಿಗೆ ಅವನ ಹೆಂಡತಿಯನ್ನು ತಬ್ಬಿಕೊಂಡು ಅವನೆದುರು ನಿಲ್ಲುತ್ತೇನೆ. ಮುದಿ ಯಂತ್ರವಾದರೆ ನಾಲ್ಕು ಸೆಕೆಂಡು.

ಮುಂದಿನ ಗುರುವಾರ ಅವನ ಹಾಳೆ ಮೊಳೆಗೆ ಏರಿತು. ಕೆಂಪು ಪೆನ್ನಿನಲ್ಲಿ ಬರೆದೆ: ಕೊಳಕು ಕೋಡ್.

ನೆವ್ ಹಾಳೆಯನ್ನು ಮೊಳೆಯಿಂದ ತೆಗೆದು ಅತ್ತಿತ್ತ ತಿರುಗಿಸಿ ನೋಡಿದ. "ಎಲ್ಲಿ ಕೊಳಕು ಅಂತ ಹೇಳಿದ್ರೆ ತಿದ್ಕೋತೀನಿ ಡೆಸ್," ಎಂದ.

"ಅದೂ ನಾನೇ ಹೇಳ್ಬೇಕಾ? ಸ್ನಾನಾನೇ ಮಾಡದೋನಿಗೆ ತನ್ನ ವಾಸನೆ ಗೊತ್ತಾಗಲ್ಲ ಬಿಡು."

ಶೆಡ್ಡಿನವರು ನಕ್ಕರು. ಆಗಿನ್ನೂ ನಗುತ್ತಿದ್ದರು.

ಎರಡು ವಾರಕ್ಕೆ ಎರಡನೆಯ ಆವೃತ್ತಿ ತಂದ. ಸಾಲುಗಳ ಅಂಚು ಸಮನಾಗಿಲ್ಲ ಎಂದು ತಳ್ಳಿಹಾಕಿದೆ. "ಕೈ ನಡುಗ್ತಾ ಬರೆದ ಹಾಗಿದೆ" ಎಂದು ಹಾಳೆಯ ಮೇಲೆ ಕೆಂಪಿನಲ್ಲಿ ಬರೆದು ಸಿಕ್ಕಿಸಿದೆ. ಶೆಡ್ಡಿನ ಬೀಗದ ಕೈ ಇಟ್ಟುಕೊಂಡಿರುವ ಗಾರ್ಥ್, ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದ ದಪ್ಪ ಆಸಾಮಿ, ಓದಿ ಹೇಳಿದ: "ಇದು ಸ್ವಲ್ಪ ಜಾಸ್ತಿ ಆಯ್ತು ಮೇಷ್ಟ್ರೇ."

"ಸಾಲು ಸೊಟ್ಟಗಿದ್ರೆ ಸೊಟ್ಟಗಿದೆ ಅನ್ನಬಾರ್ದಾ?"

"ಅನ್ನಿ. ನಿಮ್ಮ ಮೊಳೆ, ನಿಮ್ಮ ಪೆನ್ನು."

ಮೂರನೆಯ ಆವೃತ್ತಿಯಲ್ಲಿ ಅಂಚು ದಾರ ಹಿಡಿದ ಹಾಗಿತ್ತು. ಅದೆಷ್ಟು ದಿನ ಕುಟ್ಟಿದನೋ. ಅನ್ನದಲ್ಲಿ ಕಲ್ಲು ಹುಡುಕುವ ಹಾಗೆ ತಪ್ಪು ಹುಡುಕಿದೆ, ಸಿಗಲಿಲ್ಲ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಹಾಗೆ ಸಿಕ್ಕಿಬಿದ್ದಾಗ ನಮ್ಮಂಥ ಕೆಲಸದವರೆಲ್ಲ ಹೇಳುವ ಮಾತು ಒಂದಿದೆ. ಬಾಯಿಗೆ ಬಂತು, ಹೇಳಿಬಿಟ್ಟೆ.

"ಪರೀಕ್ಷೆ ಎಲ್ಲೋ ಮಾಡಿದೀಯ? ಇಪ್ಪತ್ತು ಕುಂಬಳಕಾಯಿ ಇಟ್ಕೊಂಡು ಬಂದು ಕೆಲಸ ಮಾಡುತ್ತೆ ಅಂತೀಯಲ್ಲ! ಜನ ಬರೀ ಕುಂಬಳಕಾಯಿ ನೋಡ್ತಾರಾ? ಹೋಗು, ನಿಮ್ಮನೇಲಿರೋ ಒಂದೊಂದು ಫೋಟೊನೂ ತೆಗೆದು ನೋಡು. ಒಂದೂ ಬಿಡಬೇಡ. ವರದಿ ಬರ್ಕೊಂಡು ಬಾ, ಆಮೇಲೆ ಮಾತಾಡೋಣ."

ಹೇಳಿ ಮುಗಿಸಿದ ಮೇಲೆ ನಾನೇನು ಹೇಳಿದೆ ಎನ್ನುವುದು ನನಗೆ ಕೇಳಿಸಿತು. ಆದರೆ ಅಷ್ಟು ಜನರ ಮುಂದೆ ಆಡಿದ ಮಾತನ್ನು ನುಂಗುವ ಅಭ್ಯಾಸ ನನಗಿಲ್ಲ. ಇಷ್ಟು ದೊಡ್ಡ ಕೆಲಸ ಆ ನಡುಗುವ ಕೈಯಲ್ಲಿ ಆಗುವುದಿಲ್ಲ, ಸುಸ್ತಾಗಿ ಬಿಟ್ಟುಬಿಡುತ್ತಾನೆ ಎಂದುಕೊಂಡೆ. "ಆಯ್ತು ಡೆಸ್. ನೀನು ಹೇಳೋದು ಸರಿ," ಎಂದು ನೆವ್ ಟೋಪಿ ಹಾಕಿಕೊಂಡು ಹೋದ.

ಮೂರು ಗುರುವಾರ ಅವನು ಬರಲಿಲ್ಲ. ಆ ಮೂರು ವಾರ ಕಾರು ನಿಂತ ಸದ್ದಾದರೆ ಎದ್ದು ಹೋಗಿ ಕಿಟಕಿಯಲ್ಲಿ ನೋಡುತ್ತಿದ್ದೆ.

ಜೂನಿನ ಮೊದಲ ವಾರ ಬಂದ. ಅದೇ ಟೋಪಿ, ಅದೇ ನಗು. ನಾಲ್ಕನೆಯ ಆವೃತ್ತಿಯ ಜೊತೆ ಆರು ಹಾಳೆಯ ವರದಿ. ಶೆಡ್ಡಿನ ಪ್ರಿಂಟರಿನಲ್ಲೇ ತೆಗೆದು, ಎರಡು ಕೈಯಲ್ಲೂ ಹಿಡಿದು ಕೊಟ್ಟ.

"ಒಂದೂ ಬಿಟ್ಟಿಲ್ಲ," ಎಂದ.

ಅವನ ಮುಖ ನೋಡಿದೆ. ಏನೂ ಇರಲಿಲ್ಲ. ಕೆನ್ನೆಯ ಸ್ನಾಯು ಬಿಗಿದು ಮುಖ ಮರದ ಹಾಗಾಗುವುದು ಆ ಕಾಯಿಲೆಯ ಲಕ್ಷಣವೇ ಎಂದು ಓದಿದ್ದೆ. ಸದ್ಯ, ಕಂಡಿಲ್ಲ, ಮೂರು ಸೆಕೆಂಡಿನ ಮಂಜಿನಲ್ಲಿ ಮುದುಕನ ಕಣ್ಣಿಗೆ ಏನು ಕಂಡೀತು ಎಂದುಕೊಂಡೆ. ಎದೆಯ ಮೇಲಿನ ಬಂಡೆ ಇಳಿಯಿತು. ಇಳಿದ ತಕ್ಷಣ ನಾಲಿಗೆ ಮತ್ತೆ ಹರಿತವಾಯಿತು. ವರದಿಯ ಒಂದು ಸಾಲನ್ನೂ ಓದದೆ, ಮೇಲಿನ ಹಾಳೆಗೆ "ಇದೇನು ಉಯಿಲೋ? ಓದಲು ಪುರುಸೊತ್ತಿಲ್ಲ" ಎಂದು ಗೀಚಿ ಆರೂ ಹಾಳೆಯನ್ನು ಮೊಳೆಗೆ ಚುಚ್ಚಿದೆ.

ಆ ದಿನ ಯಾರೂ ನಗಲಿಲ್ಲ. ಮುಂದಿನ ವಾರವೂ ನಗಲಿಲ್ಲ. ಆಮೇಲೆ ನಾನು ಏನು ತಮಾಷೆ ಮಾಡಿದರೂ ಗಾರ್ಥ್ ಕಪ್ಪಿನೊಳಗೆ ನೋಡುತ್ತಿದ್ದ, ಮಿಕ್ಕವರು ಗಾರ್ಥ್‌ನನ್ನು ನೋಡುತ್ತಿದ್ದರು. ಕಾಯಿಲೆಯವನ ಮೇಲೆ ಕನಿಕರ ಬಂದಿದೆ, ಮೆದು ಮನಸ್ಸಿನ ಮುದುಕರು ಎಂದು ಒಳಗೊಳಗೇ ಬೈದುಕೊಂಡೆ.

ನೆವ್ ಮಾತ್ರ ನಿಲ್ಲಿಸಲಿಲ್ಲ. ವರದಿಯನ್ನು ಮೊಳೆಯಿಂದ ತೆಗೆಯಲೂ ಇಲ್ಲ. ಐದನೆಯದು ತಂದ. ತಳ್ಳಿಹಾಕಿದೆ. ಆರನೆಯದು ತಂದ. ಅಷ್ಟು ಹೊತ್ತಿಗೆ ಎರಡೂ ಕೈ ನಡುಗುತ್ತಿದ್ದವು. ಪ್ರತಿ ಸಲವೂ ಹಾಳೆ ಕೊಟ್ಟು, ಎದುರಿನ ಕುರ್ಚಿಯಲ್ಲಿ ಕೂತು, ನಾನು ಓದುವುದನ್ನೇ ನೋಡುತ್ತಿದ್ದ. "ಈ ಸಲ ಏನು ತಪ್ಪಿದೆ ಡೆಸ್?" ಎಂದು ಮೆತ್ತಗೆ ಕೇಳುತ್ತಿದ್ದ. ನಾನು ಏನೋ ಒಂದು ಹುಟ್ಟಿಸಿ ಹೇಳುತ್ತಿದ್ದೆ. "ಹೌದಾ? ಸರಿ ಹಾಗಾದ್ರೆ," ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ವಾರ ವಾರ ಅವನ ನೆಲ ಡೊಂಕೆನ್ನುವುದು ನನಗೂ ಸಾಕಾಗಿಹೋಗಿತ್ತು.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಗ್ಲೆನಿಸ್ ನನ್ನ ಮನೆಗೆ ಬಂದಳು. ಎಂಟು ವರ್ಷದಲ್ಲಿ ಅವಳು ನನ್ನ ಹೊಸಿಲು ತುಳಿದಿರಲಿಲ್ಲ. ಮಳೆಕೋಟು ಬಿಚ್ಚದೆ ನಿಂತೇ ಮಾತಾಡಿದಳು.

"ಎಂಥ ಕಟುಕ ಕಣೋ ನೀನು! ಅವನ ಕೈಯಲ್ಲಿ ಚಮಚ ನಿಲ್ಲಲ್ಲ. ಬೂಟಿನ ಲೇಸು ನಾನು ಕಟ್ತೀನಿ. ಆದ್ರೂ ಬೆಳಿಗ್ಗೆಯಿಂದ ಸಂಜೆವರೆಗೂ ಕೂತು ನಿನ್ನ ಸುಡುಗಾಡು ಪ್ಯಾಚ್ ಕುಟ್ತಾನೆ. ಒಂದು ಹೆಸರು ಸೇರಿಸಿದ್ರೆ ನಿನ್ನ ಗಂಟೇನು ಹೋಗುತ್ತೆ?"

ಕಂಪ್ಯೂಟರಿನ ಮುಂದೆ ಕರೆದು, ನೆವ್‌ನ ಪ್ಯಾಚ್ ಇದ್ದ ಸ್ಟಿಕಿಬೀಕಿನಲ್ಲಿ ಬೆಂಚಿನ ಫೋಟೊ ತೆರೆದೆ. ಒಂದು, ಎರಡು, ಮೂರು. ದೊಡ್ಡ ಚಿತ್ರ ಬಂದು ನಾನು ಮರೆಯಾದೆ. ಗ್ಲೆನಿಸ್ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಎಲ್ಲಾದ್ರಲ್ಲೂ ಹೀಗೇನಾ?"

"ಹನ್ನೊಂದರಲ್ಲಿ."

"ಅವನು ನೋಡಿದಾನಾ?"

"ನೋಡಿದ್ರೆ ಸುಮ್ನಿರ್ತಿದ್ನಾ?"

ಅವಳು ಕಿಟಕಿಯಾಚೆ ನೋಡಿದಳು. ಕೋಟಿನ ತುದಿಯಿಂದ ನನ್ನ ಜಮಖಾನೆಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡಳು.

"ಹಾಗಾದ್ರೆ ಬೇಡ ಬಿಡು. ಹೇಗೂ ಅವನ ಕೈ ಇನ್ನೆಷ್ಟು ದಿನ?"

ಅಷ್ಟು ಹೇಳಿ ಹೋದಳು. ಕಟುಕ ಅಂದವಳು ಅವಳೇ. ನಾನು ನಕ್ಕುಬಿಟ್ಟೆ. ಆ ನಗು ನನಗೇ ಹಿಡಿಸಲಿಲ್ಲ.

ಏಳನೆಯ ಆವೃತ್ತಿ ಕೊನೆಯದು. ನವೆಂಬರಿನ ಎರಡನೆಯ ಗುರುವಾರ ಅವನು ಗಾಲಿಕುರ್ಚಿಯಲ್ಲಿ ಬಂದ. ಗ್ಲೆನಿಸ್ ಅವನನ್ನು ಬಾಗಿಲವರೆಗೆ ತಳ್ಳಿಕೊಂಡು ಬಂದು, "ಒಂದು ಗಂಟೆ ಬಿಟ್ಟು ಬರ್ತೀನಿ" ಎಂದು ಕಾರಿಗೆ ಮರಳಿದಳು. ಮಾರನೆಯ ದಿನ ಅವನು ಆರೈಕೆಯ ಮನೆಗೆ ಸೇರುವುದಿತ್ತು. ಶೆಡ್ಡಿಗೆ ಇನ್ನು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಮೇಜಿನ ಮೇಲೆ ಗಾರ್ಥ್‌ನ ಹೆಂಡತಿ ಮಾಡಿಕೊಟ್ಟ ಸ್ಕಾಲಪ್ ಚಿಪ್ಪುಮೀನಿನ ಕಡುಬುಗಳಿದ್ದವು. ಯಾರೂ ಮುಟ್ಟಿರಲಿಲ್ಲ.

"ಡೆಸ್," ಎಂದ ನೆವ್. ದನಿ ಪಿಸುಮಾತಿನಷ್ಟಾಗಿತ್ತು. "ನನ್ನ ವರದಿ ನೀನು ಇವತ್ತಿಗೂ ಓದಿಲ್ಲ. ಇವತ್ತು ಓದು. ಜೋರಾಗಿ ಓದು, ಎಲ್ಲರಿಗೂ ಕೇಳಲಿ."

"ಈಗ್ಯಾಕೋ ಅದೆಲ್ಲ..."

"ಮೊಳೆಯಿಂದ ತೆಗೀಬೇಡ. ಬರೆದವನೇ ತೆಗೀಬೇಕು ಅಂತ ನಿನ್ನದೇ ಕಾನೂನು. ನಿಂತ್ಕೊಂಡು ಓದು. ಐದನೇ ಹಾಳೆ."

ಹಂಡೆಯ ಮುಂದೆ ನಿಂತು ಐದನೆಯ ಹಾಳೆ ಮಗುಚಿದೆ. ಗಿರಣಿಯಲ್ಲಿ ಕಾಗದದ ಒಂದೊಂದು ಸುರುಳಿಗೂ ದೋಷದ ಪುಸ್ತಕ ಬರೆಯುತ್ತಿದ್ದರಂತೆ: ಸುರುಳಿಯ ಸಂಖ್ಯೆ, ಯಾವ ಅಂಚು, ಎಂಥ ದೋಷ. ನೆವ್ ನಲವತ್ತು ವರ್ಷ ಬರೆದದ್ದು ಅದನ್ನೇ. ಇದೂ ಹಾಗೇ ಇತ್ತು. ನಾನು ಓದಿದೆ.

"ನೋಡಿದ ಫೋಟೊ ೪೨೧೨. ಸರಿ ಇದ್ದವು ೪೨೦೧. ಪುಟಾಣಿ ಚಿತ್ರಕ್ಕೂ ದೊಡ್ಡ ಚಿತ್ರಕ್ಕೂ ತಾಳೆಯಾಗದವು ೧೧. ಪ್ರೋಗ್ರಾಮಿನ ತಪ್ಪಲ್ಲ. ಫೋಟೊಗಳನ್ನು ಆಮೇಲೆ ಕತ್ತರಿಸಲಾಗಿದೆ. ಸ್ಥಳ ಸ್ಟ್ಯಾನ್ಲಿ."

ಹಾಳೆಯಿಂದ ಕೈ ತೆಗೆದೆ.

"ಮುಂದೆ ಓದಿ ಮೇಷ್ಟ್ರೇ," ಎಂದ ಗಾರ್ಥ್.

"ಫೋಟೊ ೧೧೨. ಎಡ ಅಂಚು. ಗಂಡಸಿನ ಕೈ. ಫೋಟೊ ೧೧೩. ಎಡ ಅಂಚು. ಅದೇ ಕೈ, ವಾಚು. ಫೋಟೊ ೧೧೫. ಎಡ ಅಂಚು. ಮುಖ..."

"ಮುಖ, ಆಮೇಲೆ?"

"ಪರಿಚಿತ."

ಆ ವಾಚು ನನ್ನ ಕೈಯಲ್ಲೇ ಇತ್ತು. ಅಂಗಿಯ ತೋಳನ್ನು ಕೆಳಗೆಳೆದುಕೊಂಡೆ. ಯಾರೂ ಬೆಚ್ಚಿಬೀಳಲಿಲ್ಲ. ಅದನ್ನು ಕಂಡು ಬೆಚ್ಚಿದವನು ನಾನು.

"ನಿಮಗೆಲ್ಲ ಗೊತ್ತಿತ್ತಾ?"

"ಹಂಡೆ ಕುದಿಯೋಕೆ ಹನ್ನೆರಡು ನಿಮಿಷ ಬೇಕು ಮೇಷ್ಟ್ರೇ," ಎಂದ ಗಾರ್ಥ್. "ಎದುರಿಗೆ ಹಾಳೆ ನೇತಾಕಿದ್ರೆ ಜನ ಓದ್ತಾರೆ. ಅದಕ್ಕೇ ತಾನೇ ಮೊಳೆ ಹೊಡೆದಿದ್ದು ನೀವು? ಜೂನಿಂದ ಓದ್ತಿದೀವಿ."

ಐದು ತಿಂಗಳು. ಇಪ್ಪತ್ತಕ್ಕೂ ಹೆಚ್ಚು ಗುರುವಾರ ನಾನು ಆ ಹಾಳೆಯ ಕೆಳಗೇ ನಿಂತು, ಕಪ್ಪು ಹಿಡಿದು, ಇವರಿಗೆಲ್ಲ ಪಾಠ ಹೇಳಿದ್ದೆ.

ನೆವ್‌ನ ಮರದ ಮುಖ ನನ್ನ ಕಡೆ ತಿರುಗಿತು. "ಮೊದಲ್ನೇ ಸಲಾನೇ ನೀನು ಸೇರಿಸ್ಕೊಂಡಿದ್ರೆ ನನಗೆ ಯಾವತ್ತೂ ಗೊತ್ತಾಗ್ತಿರ್ಲಿಲ್ಲ ಕಣೋ. ಆ ಸ್ಟ್ಯಾನ್ಲಿ ಫೋಟೊ ನಾನ್ಯಾಕೆ ತೆರೆದು ನೋಡ್ಲಿ? ಪ್ರವಾಸಕ್ಕೆ ಹೋದೋನಲ್ಲ, ಬಂದೋನಲ್ಲ. ನಾನು ತೋರಿಸಿದ್ದು ಕುಂಬಳಕಾಯಿ. ಹೆಗಲು ಮುಟ್ಟಿ ನೋಡ್ಕೊಂಡೋನು ನೀನು. ನಿನ್ನ ಮಾತು ನಂಬಿದೆ ನೋಡು, ಏನೋ ತಪ್ಪಿರಬೇಕು ಅಂತ. ನಮ್ಮನೇಲಿರೋ ಒಂದೊಂದು ಫೋಟೊನೂ ತೆಗೆದು ಹುಡುಕಿದೆ. ಹನ್ನೊಂದು ದಿನ ಹುಡುಕಿದೆ. ನಿನ್ನ ತಪ್ಪು ಅಲ್ಲಿ ಕೂತಿತ್ತು."

"ಮತ್ತೆ ಯಾಕೋ ತರ್ತಾ ಇದ್ದೆ? ಐದು, ಆರು, ಏಳು?"

"ನಿನ್ನ ಮುಖ ನೋಡೋಕೆ. ಪ್ರತಿ ಸಲ ಏನಾದ್ರೂ ಒಂದು ಹುಟ್ಟಿಸಿ ಹೇಳ್ತಿದ್ಯಲ್ಲ, ಬೆವರ್ತಾ. ಅದನ್ನ ನೋಡೋಕೆ ನನಗೆ ವಾರ ಪೂರ್ತಿ ಜೀವ ಇರ್ತಿತ್ತು."

ನನಗೆ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಪ್ಪು ಮಾಡಿದವನು ನಾನೇ ಆದರೂ ಬಂತು. ಸಾಧು ಎಂದುಕೊಂಡಿದ್ದವನು ನನ್ನನ್ನು ಐದು ತಿಂಗಳು ಗಾಳಕ್ಕೆ ಸಿಕ್ಕಿಸಿಕೊಂಡು ಆಡಿಸಿದ್ದ. ಅದಕ್ಕಿಂತ ನನ್ನ ಕಪಾಳಕ್ಕೆ ಹೊಡೆಯಬಹುದಿತ್ತು.

"ಗ್ಲೆನಿಸ್‌ಗೆ?" ಎಂದೆ.

"ಅವಳಿಗೆ ಹೇಳಿಲ್ಲ. ಆಗಸ್ಟಿಂದ ಅವಳಿಗೆ ಏನೋ ಭಯ ಹತ್ಕೊಂಡಿದೆ. ನೀನೇ ಹತ್ತಿಸಿರ್ತೀಯ. ಅವತ್ತಿಂದ ಲೇಸು ಎಷ್ಟು ಚೆನ್ನಾಗಿ ಕಟ್ತಾಳೆ ಅಂತೀಯ! ಊಟ ಬಿಸಿಬಿಸಿ. ರಾತ್ರಿ ಹಗಲು ಕೈ ನೀವೋದು. ಹೇಳಿಬಿಟ್ರೆ ಯಾರು ಮಾಡ್ತಾರೆ?" ಅವನು ಉಸಿರು ತೆಗೆದುಕೊಂಡ. "ನಾಳೆಯಿಂದ ಲೇಸು ಕಟ್ಟೋಕೆ ನರ್ಸ್ ಇದಾರೆ."

ಗಾರ್ಥ್ ಒಂದು ಕುರ್ಚಿಯನ್ನು ಕಂಪ್ಯೂಟರಿನ ಮುಂದೆ ಎಳೆದು ಹಾಕಿದ.

"ಕೂತ್ಕೊಳ್ಳಿ ಮೇಷ್ಟ್ರೇ. ಸೇರಿಸಿ."

ಕೂತೆ. ಮಿಕ್ಕವರೆಲ್ಲ ನನ್ನ ಬೆನ್ನ ಹಿಂದೆ ನಿಂತಿದ್ದರು. ಏಳನೆಯ ಆವೃತ್ತಿ ತೆಗೆದೆ. ಅದರಲ್ಲೂ ಅವೇ ನಲವತ್ತೊಂದು ಸಾಲು, ಮೊದಲನೆಯದರಲ್ಲಿ ಇದ್ದ ಹಾಗೆಯೇ, ಒಂದು ಚುಕ್ಕೆಯೂ ಬದಲಾಗದೆ. ಸೇರಿಸಿದೆ. ಹೆಸರಿನ ಪಟ್ಟಿ ತೆಗೆದು ನಾಲ್ಕನೆಯ ಸಾಲಿನಲ್ಲಿ ನೆವಿಲ್ ಎಂದು ನನ್ನ ಕೈಯಾರೆ ಒತ್ತಿದೆ. ಎರಡು ಸಲ ತಪ್ಪು ಕೀಲಿ ಒತ್ತಿದೆ.

"ಸಾರಿ," ಎಂದೆ. ಯಾರಿಗೆ ಹೇಳಿದೆನೋ ಗೊತ್ತಿಲ್ಲ.

ನೆವ್ ಪರದೆಯ ಮೇಲಿನ ತನ್ನ ಹೆಸರನ್ನು ನೋಡಿದ. ಅವನ ಕಣ್ಣಿನಲ್ಲಿ ನೀರು ಬಂತು. ಅದು ಕಾಯಿಲೆಯದಲ್ಲ. ಅಷ್ಟು ಆಸೆಪಟ್ಟಿದ್ದ ಪ್ರಾಣಿ. ಆಮೇಲೆ ಹೊರಗೆ ಕಾರಿನ ಸದ್ದಾಯಿತು. ಗ್ಲೆನಿಸ್ ಬಂದಳು, ಬಗ್ಗಿ ಅವನ ಲೇಸು ಬಿಗಿ ಮಾಡಿದಳು, ತಳ್ಳಿಕೊಂಡು ಹೋದಳು.

"ಆ ಹಾಳೆ?" ಎಂದು ನಾನು ಬಾಗಿಲಲ್ಲಿ ಕೂಗಿದೆ. "ಪ್ಯಾಚ್ ಸೇರಿಸಿದ್ದಾಯ್ತಲ್ಲೋ. ತೆಗೆದು ಹೋಗು ನೆವ್!"

ಅವನು ಹಿಂದೆ ತಿರುಗಲಿಲ್ಲ. ಅವನಿಗೆ ಕತ್ತು ತಿರುಗಿಸಲು ಬರುತ್ತಿರಲಿಲ್ಲ ಕೂಡ.

ಆ ದಿನವೇ ಹಾಳೆ ಕೀಳಲು ಕೈ ಚಾಚಿದೆ. ಗಾರ್ಥ್ ನನ್ನ ಮಣಿಕಟ್ಟು ಹಿಡಿದ. ಕ್ರೇನಿನ ಕೈ. "ಕಾನೂನು ಕಾನೂನೇ ಮೇಷ್ಟ್ರೇ," ಎಂದ. ವಾರದ ನಡುವೆ ಎರಡು ಸಲ ಶೆಡ್ಡಿಗೆ ಹೋದೆ. ಬೀಗ ಹಾಕಿತ್ತು. ಫಿನ್‌ಲ್ಯಾಂಡಿನವನ ಕಾಗದ ಬಂದಿತ್ತು: ತುಂಬ ಒಳ್ಳೆಯ ಪ್ಯಾಚ್, ಇಷ್ಟು ದಿನ ಯಾಕೆ ಸೇರಿಸಿರಲಿಲ್ಲ? ಅದಕ್ಕೆ ಇನ್ನೂ ಉತ್ತರ ಬರೆದಿಲ್ಲ.

ಮುಂದಿನ ಗುರುವಾರ ನಾನು ಹೋಗಬಾರದಿತ್ತು. ಹೋಗದಿದ್ದರೆ ಹೆದರಿದ ಅಂದುಕೊಳ್ಳುತ್ತಾರೆ ಎಂದು ಹೋದೆ. ಹತ್ತೂಕಾಲಿಗೆ ಬಾಗಿಲು ತೆರೆದು ಗ್ಲೆನಿಸ್ ಬಂದಳು. ಹಸಿರು ಸ್ವೆಟರು, ಕೈಯಲ್ಲಿ ಒಂದು ಡಬ್ಬಿ ಲ್ಯಾಮಿಂಗ್ಟನ್ ಕೇಕು. ಎಷ್ಟೋ ದಿನಕ್ಕೆ ಅವಳ ಮುಖದಲ್ಲಿ ಬೆಳಕಿತ್ತು.

"ನೆವ್ ಕಳಿಸಿದ," ಎಂದಳು ಎಲ್ಲರಿಗೂ. "ಹೆಸರು ಸೇರಿಸಿದ್ದಕ್ಕೆ ಥ್ಯಾಂಕ್ಸ್ ಹೇಳಿ, ನೀನೇ ಕೈಯಾರೆ ಎಲ್ಲರಿಗೂ ಚಹಾ ಮಾಡಿಕೊಟ್ಟು ಬಾ ಅಂದ. ಹಂಡೆ ಎಲ್ಲಿದೆ?"

ಗಾರ್ಥ್ ಹಂಡೆಯತ್ತ ಕೈ ತೋರಿಸಿದ. ಅವಳು ನನ್ನ ಪಕ್ಕದಲ್ಲಿ ಹಾಯುವಾಗ ನಿಂತು, ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದಳು: "ಸರಿಯಾದ ಹೊತ್ತು ನೋಡಿ ಸೇರಿಸಿದೆ ಕಣೋ. ಅವನ ಕೈಯಲ್ಲಿ ಇನ್ನು ಮೌಸ್ ಹಿಡಿಯೋಕಾಗಲ್ಲ. ಇನ್ನೇನು ಭಯ?"

"ಗ್ಲೆನಿಸ್, ಒಂದ್ ನಿಮಿಷ ಹೊರಗೆ ಬಾ. ಒಂದು ಮಾತಿದೆ."

"ಚಹಾ ಆಗ್ಲಿ ತಡಿಯೋ," ಎಂದು ಅವಳು ನಕ್ಕಳು. ಹಂಡೆಗೆ ನೀರು ತುಂಬಿ ಸ್ವಿಚ್ಚು ಹಾಕಿದಳು. ಕೈ ಒರೆಸಿಕೊಂಡಳು. ಮಾಡಲು ಬೇರೆ ಕೆಲಸವಿರಲಿಲ್ಲ. ಕತ್ತೆತ್ತಿ ಗೋಡೆ ನೋಡಿದಳು.

"ಅಯ್ಯೋ, ಇದು ನೆವ್‌ದೇ ಅಲ್ವಾ? ಹನ್ನೊಂದು ದಿನ ಕೂತು ಬರೆದಿದ್ದ, ನನಗೆ ತೋರಿಸಲೇ ಇಲ್ಲ ನೋಡು."

ನಾನು ಎದ್ದೆ. ಗಾರ್ಥ್ ನನ್ನ ಹೆಗಲ ಮೇಲೆ ಕೈಯಿಟ್ಟು ಕೂರಿಸಿದ. ಗ್ಲೆನಿಸ್ ಕನ್ನಡಕ ಹಾಕಿಕೊಂಡು ಮೊದಲ ಹಾಳೆ ಮಗುಚಿದಳು. ನೀರು ಕುದಿಯಲು ಇನ್ನೂ ಹನ್ನೊಂದು ನಿಮಿಷವಿತ್ತು.